ಹೆಕ್ಕಿ ತೆಗೆದ ಕಾಳು

ಕಳಿಸಿದ ಲಾರಿ ಇಳಿಸದೆ ವಾಪಸು ಬಂದರೆ ಗೋಡೌನಿನಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಆ ಮಂಗಳವಾರ ಬೆಳಿಗ್ಗೆ ಹಾಗೇ ಆಯಿತು. ಶನಿವಾರ ಹೋಗಿದ್ದ ಮುನ್ನೂರು ಮೂಟೆ ಮೆಕ್ಕೆಜೋಳ ಅದೇ ಟಾರ್ಪಾಲು, ಅದೇ ಹಗ್ಗದೊಂದಿಗೆ ಅಂಗಳಕ್ಕೆ ಬಂದು ನಿಂತಿತು. ಡ್ರೈವರ್ ಇಳಿದವನೇ ಆಫೀಸಿನ ಕಿಟಕಿಯಲ್ಲಿ ಒಂದು ಚೀಟಿ ಕೊಟ್ಟು, ಯಾರ ಮುಖವನ್ನೂ ನೋಡದೆ ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆಯತೊಡಗಿದ. ಅಷ್ಟು ಹೊತ್ತು ಕಾಲು ತೊಳೆಯುವವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾನು ಅಲ್ಲಿ ಕಾಳು ಬೀಸುವವಳು. ಪರೀಕ್ಷೆಯ ಕೋಣೆಗೆ ಅಂಟಿಕೊಂಡು ಗೂಡಿನಷ್ಟು ಒಂದು ಜಾಗವಿದೆ. ಅದರಲ್ಲಿ ಒಂದು ಸಣ್ಣ ಬೀಸುವ ಯಂತ್ರ, ಒಂದು ಅಗಲ ತಟ್ಟೆ, ಒಂದು ಬ್ರಷ್ಷು, ಒಂದು ಸ್ಟೂಲು. ಧೂಳು ಆಚೆ ಹೋಗಬಾರದೆಂದು ಬಾಗಿಲು ಮುಚ್ಚಿಕೊಂಡೇ ಬೀಸಬೇಕು. ಬಾಗಿಲಾಚೆ ನನ್ನ ತಂಗಿಯ ಮಗಳು. ಅವಳೇ ಅಲ್ಲಿ ಪರೀಕ್ಷೆ ಮಾಡಿ ವರದಿಗೆ ಸಹಿ ಹಾಕುವವಳು. ಎಲ್ಲರಿಗೂ ಅವಳು ಲ್ಯಾಬಿನ ಮೇಡಂ. ಹುಟ್ಟಿದಾಗ ಗೇಣುದ್ದ ಇದ್ದಳೆಂದು ಮನೆಯಲ್ಲಿ ಕುಳ್ಳಿ ಎಂದು ಕರೆದೆವು. ಈಗ ಬಾಗಿಲಿನ ಮೇಲಿನ ಪಟ್ಟಿ ತಲೆಗೆ ತಾಗುತ್ತದೆ, ಆದರೂ ಕುಳ್ಳಿ ಕುಳ್ಳಿಯೇ.

ಅವಳ ಕೆಲಸ ಏನೆಂದು ನನಗೆ ಅರ್ಥವಾಗುವ ಹಾಗೆ ಅವಳೇ ಒಂದು ದಿನ ಹೇಳಿದ್ದಳು. ಕಾಳಿಗೆ ಬೂಷ್ಟು ಹಿಡಿಯುತ್ತದೆ, ಒಣಗಿದ ಮೇಲೆ ಬೂಷ್ಟು ಉದುರಿಹೋಗುತ್ತದೆ, ಕಾಳು ಹೊಳೆಯುತ್ತದೆ. ಆದರೆ ಬೂಷ್ಟು ಬಿಟ್ಟುಹೋದ ವಿಷ ಒಳಗೇ ಕೂತಿರುತ್ತದೆ.

"ಬೇಯಿಸಿದ್ರೂ ಹೋಗಲ್ಲ ದೊಡ್ಡಮ್ಮ, ಹುರಿದ್ರೂ ಹೋಗಲ್ಲ. ಸಾವಿರ ಕಾಳಲ್ಲಿ ಒಂದೆರಡು ಕೆಟ್ಟಿದ್ರೆ ಸಾಕು. ದೊಡ್ಡೋರು ವರ್ಷಗಟ್ಟಲೆ ತಿಂದ್ರೆ ಲಿವರ್ ಹಾಳಾಗುತ್ತೆ. ಚಿಕ್ಕ ಮಕ್ಕಳು ತಿಂದ್ರೆ ಬೆಳವಣಿಗೇನೇ ನಿಂತುಹೋಗುತ್ತೆ."

"ರುಚೀಲಿ ಗೊತ್ತಾಗಲ್ವೇನೆ?"

"ರುಚೀಲಿ ಗೊತ್ತಾಗೋ ಹಾಗಿದ್ರೆ ನನಗ್ಯಾಕೆ ಸಂಬಳ ಕೊಡ್ತಿದ್ರು."

ಲೋಡು ಹೊರಡುವ ಮೊದಲು ಸೂಜಿ ಎಂಬುವನು ಮೂಟೆಗಳಿಗೆ ಮೊನೆಯುಳ್ಳ ಕೊಳವೆ ಚುಚ್ಚಿ ಅಲ್ಲಿಷ್ಟು ಇಲ್ಲಿಷ್ಟು ಕಾಳು ಎಳೆಯುತ್ತಾನೆ. ಇಪ್ಪತ್ತೈದು ವರ್ಷದಿಂದ ಚುಚ್ಚುತ್ತಲೇ ಇದ್ದಾನೆ, ಅದಕ್ಕೇ ಆ ಹೆಸರು. ಹಾಗೆ ಎಳೆದ ನಾಲ್ಕೈದು ಕಿಲೋ ಕಾಳನ್ನು ಕಲಸಿ ಎರಡು ಪಾಲು ಮಾಡುತ್ತಾನೆ. ಒಂದು ಪಾಲು ಮೊಹರು ಮಾಡಿದ ಚೀಲದಲ್ಲಿ ಬೀರುವಿಗೆ ಹೋಗುತ್ತದೆ. ಇನ್ನೊಂದು ಪಾಲು ನನ್ನ ತಟ್ಟೆಗೆ. ನಾನು ಅಷ್ಟನ್ನೂ ನುಣ್ಣಗೆ ಬೀಸಿ ಕೊಡಬೇಕು. ಕುಳ್ಳಿ ಆ ಹಿಟ್ಟಿನಲ್ಲಿ ಸ್ವಲ್ಪ ತೆಗೆದು, ಸ್ಪಿರಿಟ್ಟು ನೀರು ಸೇರಿಸಿ ಕುಲುಕಿ, ಸೋಸಿ, ಒಂದು ಪಟ್ಟಿಯ ತುದಿ ಅದ್ದುತ್ತಾಳೆ. ಪಟ್ಟಿಯ ಮೇಲೆ ಗೆರೆ ಮೂಡುತ್ತದೆ. ಪುಟ್ಟ ಯಂತ್ರವೊಂದು ಆ ಗೆರೆ ಓದಿ ವಿಷ ಎಷ್ಟಿದೆಯೆಂದು ನಂಬರು ಹೇಳುತ್ತದೆ. ಮಕ್ಕಳ ಗಂಜಿಹಿಟ್ಟಿಗೆ ಹೋಗುವ ಕಾಳಾದರೆ ಅಲ್ಲಿ ಇಟ್ಟುಕೊಂಡ ಮಿತಿ ಹತ್ತು.

ಶನಿವಾರದ ಲೋಡಿಗೆ ಕುಳ್ಳಿ ಬರೆದಿದ್ದು ನಾಲ್ಕು. ಡ್ರೈವರ್ ತಂದ ಚೀಟಿಯಲ್ಲಿ ಗಂಜಿಹಿಟ್ಟಿನ ಕಾರ್ಖಾನೆಯವರು ಬರೆದಿದ್ದು ಐವತ್ತೆಂಟು.

ಗೋಡೌನಿನ ಯಜಮಾನರು ಅವಳನ್ನು ಕರೆಸಿದರು. ನಾನೂ ಹಿಂದೆಯೇ ಹೋಗಿ ಬಾಗಿಲ ಹತ್ತಿರ ನಿಂತೆ. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

"ಮೇಡಂ, ನಾಲ್ಕೆಲ್ಲಿ, ಐವತ್ತೆಂಟೆಲ್ಲಿ," ಎಂದರು ಯಜಮಾನರು. "ನಾನೇನು ಕಲಿತವನಲ್ಲ. ಆದ್ರೆ ಇವೆರಡೂ ಒಂದೇ ಜೋಳ ತಾನೆ?"

"ಒಂದೇ ಜೋಳ ಸರ್. ಮತ್ತೆ ಪರೀಕ್ಷೆ ಮಾಡ್ತೀನಿ."

"ನೀವೊಬ್ರೇ ಮಾಡಿದ್ರೆ ಆಗಲ್ವಂತೆ. ನಾಳೆ ಅವರ ಕಡೆಯವರು ಬರ್ತಾರೆ. ಅವರ ಕಣ್ಣೆದುರಿಗೆ ಮಾಡ್ಬೇಕು. ತಪ್ಪು ನಿಮ್ಮದು ಅಂತಾದ್ರೆ ನಿಮ್ಮ ಹೆಸರು ಪಟ್ಟಿಯಿಂದ ಹೊಡೀತಾರೆ. ಅದು ನನ್ನ ಕೈಲಿಲ್ಲ."

ಪರೀಕ್ಷೆ ಮಾಡುವವರ ಸಹಿಗಳದ್ದೊಂದು ಪಟ್ಟಿಯಿದೆ. ಕಾಳು ಕೊಳ್ಳುವವರೆಲ್ಲ ಅದನ್ನು ನೋಡಿಯೇ ವರದಿ ನಂಬುವುದು. ಒಮ್ಮೆ ಅದರಿಂದ ಹೆಸರು ಹೋದರೆ ಯಾವ ಗೋಡೌನಿನಲ್ಲೂ ಆ ಕೆಲಸ ಸಿಗುವುದಿಲ್ಲ. ಆ ಪಟ್ಟಿಗೆ ಹೆಸರು ಬರಲು ಕುಳ್ಳಿ ಮೂರು ಸಲ ಪರೀಕ್ಷೆಗೆ ಕೂತಿದ್ದಳು. ಮೂರನೇ ಸಲ ಪಾಸಾದ ದಿನ ನನ್ನ ತಂಗಿ ತನ್ನ ಮಗಳ ಸಹಿಯನ್ನು ಒಂದು ಹಾಳೆಯ ಮೇಲೆ ಹಾಕಿಸಿಕೊಂಡು ಅದನ್ನು ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದಳು. ಇಂದಿಗೂ ಬಟ್ಟೆ ತೆಗೆಯುವಾಗೆಲ್ಲ ಅದು ಕಾಣುತ್ತದೆ.

ಸಂಜೆ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ನಮ್ಮದು ಎರಡೇ ಕೋಣೆ, ಒಬ್ಬರು ಓಡಾಡಿದರೆ ಇನ್ನೊಬ್ಬರು ಗೋಡೆಗೆ ಒರಗಬೇಕು. ಕುಳ್ಳಿ ತನ್ನ ನೋಟುಬುಕ್ಕು ತೆಗೆದು ಎಂಟು ತಿಂಗಳ ಪುಟಗಳನ್ನು ತಿರುವಿ ಹಾಕುತ್ತಿದ್ದಳು. ಅವಳ ಅಮ್ಮ, ಎಂದರೆ ನನ್ನ ತಂಗಿ, ಎರಡು ಸಲ ತಟ್ಟೆ ಹಾಕಿ ಎರಡು ಸಲವೂ ಮುಚ್ಚಿಟ್ಟಳು. ನಾನು ನಾಳೆಯ ಅಡುಗೆಗೆಂದು ಬೇಳೆ ಹರಡಿಕೊಂಡು ಕೂತೆ.

"ದೊಡ್ಡಮ್ಮ, ಅದು ಪ್ಯಾಕೆಟ್ ಬೇಳೆ," ಎಂದಳು ಕುಳ್ಳಿ, ತಲೆ ಎತ್ತದೆ. "ಅದರಲ್ಲಿ ಕಲ್ಲಿರಲ್ಲ."

"ಇಲ್ದಿದ್ರೆ ಬೇಡ. ನೋಡಿದ್ರೆ ಏನು ಸವೆಯುತ್ತೆ."

"ಅವಳನ್ನ ಬಿಡು," ಎಂದಳು ತಂಗಿ. "ನಮ್ಮಕ್ಕ ಸಕ್ಕರೇನೂ ಹಸನು ಮಾಡ್ತಾಳೆ."

ಕುಳ್ಳಿಗೆ ಒಂದಿಷ್ಟು ನಗು ಬಂತು, ಆಮೇಲೆ ಅದು ಅರ್ಧಕ್ಕೇ ನಿಂತಿತು. "ಅಮ್ಮ, ನಾನು ದುಡ್ಡು ತಿಂದು ನಾಲ್ಕು ಅಂತ ಬರೆದೆ ಅಂದ್ಕೊಂಡಿದಾರೆ ಅವರು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ."

"ಹೇಳಲಿ ನೋಡೋಣ," ಎಂದಳು ತಂಗಿ. ಆದರೆ ಅವಳ ದನಿಯಲ್ಲಿ ಜೋರಿರಲಿಲ್ಲ. ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದು ತೋಚದೆ ಮತ್ತೆ ತೊಳೆದಳು.

ಬುಧವಾರ ಹತ್ತು ಗಂಟೆಗೆ ಕಾರ್ಖಾನೆಯ ಕಡೆಯವರೊಬ್ಬರು ಬಂದರು. ದಪ್ಪ ಕನ್ನಡಕ, ಕೈಯಲ್ಲೊಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಅವರದೇ ಯಂತ್ರ, ಅವರದೇ ಪಟ್ಟಿಗಳು, ಬೀಸಲು ಅವರದೇ ಒಂದು ಸಣ್ಣ ಗಿರಣಿ. ಮಾತು ಕಡಿಮೆಯ ಮನುಷ್ಯ. ಬೀರುವಿನಿಂದ ಶನಿವಾರದ ಮೊಹರಿನ ಚೀಲ ತೆಗೆಸಿ, ಮೊಹರನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲರೆದುರು ಒಡೆದು, ಕಾಳನ್ನು ಮೇಜಿನ ಮೇಲೆ ಸುರಿದು ಕಲಸಿ ಸರಿಯಾಗಿ ಎರಡು ಭಾಗ ಮಾಡಿದರು. ಒಂದನ್ನು ತಾವಿಟ್ಟುಕೊಂಡರು, ಇನ್ನೊಂದನ್ನು ಕುಳ್ಳಿಯ ಕಡೆ ಸರಿಸಿದರು. ಅವಳು ಅದನ್ನು ನನ್ನ ತಟ್ಟೆಗೆ ಹಾಕಿದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಬೀಸುವಾಗ ನನ್ನ ಕಿವಿಯೆಲ್ಲ ಆಚೆ. ಯಂತ್ರದ ಸದ್ದಿನಲ್ಲಿ ಏನೂ ಕೇಳದಿದ್ದರೂ ಅವರು ಮಾತಾಡುತ್ತಿದ್ದಾರೋ, ಇವಳು ಉತ್ತರಿಸುತ್ತಿದ್ದಾಳೋ ಎಂದು ಜೀವ ಹೊಯ್ದಾಡುತ್ತಿತ್ತು. ಬೀಸಿ, ಬ್ರಷ್ಷಿನಿಂದ ಒಂದು ಕಣ ಬಿಡದೆ ಬಳಿದು ತಂದುಕೊಟ್ಟೆ.

ಕುಳ್ಳಿಯ ನಂಬರು ಮೂರು. ಕನ್ನಡಕದವರ ನಂಬರು ಅರವತ್ತೆರಡು.

ಯಜಮಾನರು ಇಬ್ಬರ ಮುಖವನ್ನೂ ನೋಡಿದರು. ಕನ್ನಡಕದವರು ಸಿಟ್ಟಾಗಲಿಲ್ಲ. "ನಿಮ್ಮ ಯಂತ್ರದಲ್ಲಿ ನನ್ನ ಪಟ್ಟಿ ಇಟ್ಟು ನೋಡಿ ಮೇಡಂ," ಎಂದರು. ಇಟ್ಟಳು. ಅರವತ್ತೆರಡೇ. "ಈಗ ನನ್ನ ಹಿಟ್ಟನ್ನ ನೀವೇ ಕುಲುಕಿ, ನಿಮ್ಮ ಪಟ್ಟೀಲೇ ನೋಡಿ." ನೋಡಿದಳು. ಅರವತ್ತು. ಇವಳ ಹಿಟ್ಟನ್ನು ಅವರು ಕುಲುಕಿದರು. ಮೂರು.

"ಯಂತ್ರ ಸರಿಯಿದೆ," ಎಂದರು ಕನ್ನಡಕದವರು ನಿಧಾನವಾಗಿ. "ನಿಮ್ಮ ಕೈಯೂ ಸರಿಯಿದೆ. ಹಿಟ್ಟೇ ಬೇರೆ."

"ಒಂದೇ ಚೀಲದ ಕಾಳು ಸರ್. ನಿಮ್ಮೆದುರಿಗೇ ಪಾಲು ಮಾಡಿದ್ದು."

"ಹೌದು. ಅದೇ ನನಗೂ ಗೊತ್ತಾಗ್ತಿಲ್ಲ."

ಗೊತ್ತಾಗದೆ ಇದ್ದಾಗ ಮನುಷ್ಯರು ಹತ್ತಿರ ಸಿಕ್ಕವರ ತಲೆಯ ಮೇಲೆ ಗೂಬೆ ಕೂರಿಸುತ್ತಾರೆ. ಯಜಮಾನರಿಗೆ ಹತ್ತಿರ ಸಿಕ್ಕಿದ್ದು ಸೂಜಿ. ಕಾಳು ಎಳೆಯುವಾಗಲೇ ಏನೋ ಕೈಚಳಕ ಮಾಡಿದ್ದಾನೆ, ಚೀಲದ ಒಂದು ಬದಿಗೆ ಒಳ್ಳೆಯದು ಇನ್ನೊಂದು ಬದಿಗೆ ಕೆಟ್ಟದ್ದು ತುಂಬಿದ್ದಾನೆ ಎಂದು ಅವರ ತಲೆಗೆ ಬಂತು. ಸೂಜಿಯನ್ನು ಕರೆಸಿ ಕೊಳವೆಯನ್ನೂ ಬೀರುವಿನ ಬೀಗದ ಕೈಯನ್ನೂ ಮೇಜಿನ ಮೇಲೆ ಇಡಿಸಿದರು. ಅವನು ಎರಡನ್ನೂ ಇಟ್ಟು ಹೊರಗೆ ಹೋದ. ಕನ್ನಡಕದವರು ಹುಬ್ಬು ಗಂಟಿಕ್ಕಿಕೊಂಡು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಚೀಲದೊಳಗೆ ಬದಿ ಮಾಡಿ ತುಂಬಿದ್ದರೂ ಸುರಿದು ಕಲಸಿದ ಮೇಲೆ ಅದು ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕುಳ್ಳಿಗೂ ಗೊತ್ತಿತ್ತು. ಅವಳು ಎರಡೂ ಹಿಟ್ಟನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ನನಗೆ ಬೆವರು ಬಂದಿತ್ತು. ಮುಖ ಒರೆಸಿಕೊಳ್ಳಲು ಕೆಲಸದ ಕೋಟಿನ ಜೇಬಿಗೆ ಕೈ ಹಾಕಿದೆ, ಕರವಸ್ತ್ರಕ್ಕೆಂದು. ಬೆರಳಿಗೆ ಕಾಳು ಸಿಕ್ಕಿತು.

ಎಣಿಸಿದೆ, ಜೇಬಿನೊಳಗೇ. ಹದಿನಾಲ್ಕು.

ಇಲ್ಲಿ ನಾನು ಸ್ವಲ್ಪ ಹಿಂದೆ ಹೋಗಬೇಕು, ಇಲ್ಲದಿದ್ದರೆ ಆ ಹದಿನಾಲ್ಕು ಕಾಳು ಅಲ್ಲಿಗೆ ಹೇಗೆ ಬಂದವೆಂದು ಯಾರಿಗೂ ತಿಳಿಯುವುದಿಲ್ಲ. ಆ ಕ್ಷಣ ನನಗೂ ತಿಳಿಯಲಿಲ್ಲ.

ಬೀಸುವ ಕೆಲಸಕ್ಕೆ ಬರುವ ಮೊದಲು ಮೂವತ್ತೊಂದು ವರ್ಷ ನಾನು ಅದೇ ಗೋಡೌನಿನ ಹಸನು ಮಾಡುವ ಷೆಡ್ಡಿನಲ್ಲಿದ್ದೆ. ನಲವತ್ತು ಹೆಂಗಸರು ಎರಡು ಸಾಲಾಗಿ ನೆಲದ ಮೇಲೆ ಕೂತು ಕಾಳು ಆರಿಸುತ್ತಿದ್ದೆವು. ಮೇಲ್ವಿಚಾರಣೆ ಮಾಡುವವಳಿಗೆ ನಾವು ಗಿಡುಗ ಎಂದು ಹೆಸರಿಟ್ಟಿದ್ದೆವು. ಸಾಲಿನ ನಡುವೆ ಸದ್ದಿಲ್ಲದೆ ಬಂದು, ಆರಿಸಿದ ರಾಶಿಯಿಂದ ಒಂದು ಹಿಡಿ ಎತ್ತಿ ಕಪ್ಪು ಬಟ್ಟೆಯ ಮೇಲೆ ಚೆಲ್ಲುತ್ತಿದ್ದಳು. ಒಂದು ಕೆಟ್ಟ ಕಾಳು ಕಂಡರೂ ಇಡೀ ರಾಶಿ ಮತ್ತೆ ಮಾಡಬೇಕು. ಕೈಮೇಲೆ ಪೆಟ್ಟೂ ಬೀಳುತ್ತಿತ್ತು. ಅವಳು ಹೇಳುತ್ತಿದ್ದುದು ಒಂದೇ, "ಕಣ್ಣನ್ನ ನಂಬಬೇಡಿ, ಬೆರಳನ್ನ ಕೇಳಿ." ಮೊದಲ ವರ್ಷ ಆ ಮಾತಿಗೆ ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಐದಾರು ವರ್ಷದ ಮೇಲೆ ನನಗೆ ಅರ್ಥವಾಯಿತು. ಬಣ್ಣ ಚೆನ್ನಾಗಿದ್ದರೂ ಕೆಟ್ಟ ಕಾಳು ಎತ್ತಿದರೆ ಹಗುರ. ಮೊಳಕೆಯ ತುದಿ ತುಸು ಮಂಕು. ಉಗುರಿನಲ್ಲಿ ಒತ್ತಿದರೆ ಗಟ್ಟಿಯಿರುವ ಬದಲು ಪುಡಿಯ ಹಾಗೆ ಕುಸಿಯುತ್ತದೆ. ಪಕ್ಕದವಳ ಜೊತೆ ಮನೆಯ ಕಷ್ಟ ಮಾತಾಡುತ್ತಿದ್ದರೂ ಕೈ ತನ್ನ ಪಾಡಿಗೆ ಹೆಕ್ಕುತ್ತಿತ್ತು.

ಆಮೇಲೆ ಕಣ್ಣಿರುವ ಯಂತ್ರ ಬಂತು. ಕಾಳು ಧಾರೆಯಾಗಿ ಬೀಳುವಾಗ ಬಣ್ಣ ನೋಡಿ ಕೆಟ್ಟದ್ದನ್ನು ಗಾಳಿಯಿಂದ ಊದಿ ಎಸೆಯುತ್ತದೆ. ನಲವತ್ತು ಹೆಂಗಸರ ಷೆಡ್ಡಿಗೆ ಬೀಗ ಬಿತ್ತು. ಆ ಯಂತ್ರಕ್ಕೆ ಬಣ್ಣ ಗೊತ್ತು, ತೂಕ ಗೊತ್ತಿಲ್ಲ. ಕುಳ್ಳಿ ಆಗತಾನೇ ಅಲ್ಲಿ ಕೆಲಸಕ್ಕೆ ಸೇರಿದ್ದಳು. ಯಜಮಾನರ ಹತ್ತಿರ ಕೇಳಿಕೊಂಡು ನನಗೆ ಈ ಬೀಸುವ ಕೆಲಸ ಕೊಡಿಸಿದಳು.

ಎಂಟು ತಿಂಗಳಿಂದ ನನ್ನ ತಟ್ಟೆಗೆ ಕಾಳು ಬಿದ್ದಾಗೆಲ್ಲ ನನ್ನ ಕೈ ಏನು ಮಾಡಿದೆ ಎಂದು ಆ ಬುಧವಾರ ನನಗೆ ಹೊಳೆಯಿತು. ಬೀಸುವ ಮೊದಲು ತಟ್ಟೆ ಅಲ್ಲಾಡಿಸಿ, ಹರಡಿ, ಕೆಟ್ಟದ್ದನ್ನು ಹೆಕ್ಕಿ ಜೇಬಿಗೆ ಹಾಕಿದೆ. ಸಂಜೆ ಕೋಟು ಒಗೆಯಲು ಹಾಕುವಾಗ ಜೇಬು ಕೊಡವಿದೆ. ಯಾರೂ ಹೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಮಗಳಿಗೆ ಕೊಡುವ ಕಾಳನ್ನು ಕಸದ ಸಮೇತ ಹೇಗೆ ಕೊಡುವುದು. ನನ್ನ ಬೆರಳು ಹುಡುಕಿ ತೆಗೆದದ್ದನ್ನೇ ಅವಳ ಯಂತ್ರ ಹುಡುಕುತ್ತಿತ್ತು. ಸಿಗುವುದು ಎಲ್ಲಿಂದ.

ನೀರಿಗೆ ಹೋಗುವವಳ ಹಾಗೆ ಎದ್ದು ಅಂಗಳಕ್ಕೆ ಬಂದೆ. ಲಾರಿಯ ಸುತ್ತ ಒಂದು ಸುತ್ತು ಹಾಕಿದೆ. ಮತ್ತೊಂದು ಹಾಕಿದೆ. ಸೂಜಿ ಚಕ್ರದ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ಅಕ್ಕ, ಒಂದು ಕಡೆ ನಿಂತ್ಕೊಳ್ಳಿ. ನಿಮ್ಮನ್ನ ನೋಡಿ ನನಗೆ ತಲೆ ಸುತ್ತುತ್ತೆ."

"ಕಾಲು ನಿಲ್ತಿಲ್ಲಪ್ಪ."

"ಕೆಲಸ ಹೋಗಿದ್ದು ನನ್ದು, ಓಡಾಡೋದು ನೀವು." ನಗಲು ನೋಡಿದ. "ಇಪ್ಪತ್ತೈದು ವರ್ಷ ಅಕ್ಕ. ಮೂಟೆಗೆ ಚುಚ್ಚಿದ್ದು ಬಿಟ್ರೆ ಒಬ್ಬ ಮನುಷ್ಯನಿಗೂ ಚುಚ್ಚಿ ಮಾತಾಡಿದೋನಲ್ಲ ನಾನು. ಮನೇಲಿ ಏನಂತ ಹೇಳಲಿ."

ಜೇಬಿನಲ್ಲಿ ನನ್ನ ಮುಷ್ಟಿ ಬಿಗಿಯಾಗಿತ್ತು. ಹೇಳದೆ ಇದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಹದಿನಾಲ್ಕು ಕಾಳನ್ನು ಆ ಚರಂಡಿಗೆ ಎಸೆದರೆ ಸಾಕು, ನಾಳೆಯಿಂದ ಕೈ ಕಟ್ಟಿಕೊಂಡು ಬೀಸಿದರೆ ಸಾಕು. ಕುಳ್ಳಿ ಕಳ್ಳಿಯಲ್ಲ ಎಂದು ಕನ್ನಡಕದವರಿಗೆ ಆಗಲೇ ಗೊತ್ತಾಗಿದೆ. ಸೂಜಿಯ ತಲೆಗೆ ಬಂದದ್ದು ಸೂಜಿಯ ತಲೆಗೆ. ಅಷ್ಟು ಯೋಚಿಸಿದ್ದು ನಿಜ. ಯೋಚಿಸಲಿಲ್ಲವೆಂದು ಈಗ ಬರೆದರೆ ಸುಳ್ಳಾಗುತ್ತದೆ. ಆದರೆ ಅವನು ಹಾಗೆ ಕೂತಿದ್ದನ್ನು ನೋಡಿಕೊಂಡು ಮೂರನೇ ಸುತ್ತು ಹಾಕಲು ನನ್ನಿಂದ ಆಗಲಿಲ್ಲ.

"ಏಳು," ಎಂದೆ. "ನನ್ನ ಜೊತೆ ಬಾ."

ಒಳಗೆ ಹೋಗಿ ಮೇಜಿನ ಮೇಲೆ ಮುಷ್ಟಿ ಬಿಚ್ಚಿದೆ. "ಇವನದೇನೂ ತಪ್ಪಿಲ್ಲ. ನಾನು ಹೆಕ್ಕಿದೆ," ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ, ಮೊದಲಿಂದ, ತಟ್ಟೆ ಅಲ್ಲಾಡಿಸುವುದರಿಂದ ಜೇಬು ಕೊಡವುವವರೆಗೆ.

ಕುಳ್ಳಿ ಹದಿನಾಲ್ಕು ಕಾಳನ್ನೂ ಒಂದು ಗಾಜಿನ ತಟ್ಟೆಗೆ ಎತ್ತಿಕೊಂಡು, ತುದಿ ಒಡೆದು, ಮೂಲೆಯಲ್ಲಿದ್ದ ಕಪ್ಪು ಪೆಟ್ಟಿಗೆಯೊಳಗೆ, ಕೆಟ್ಟ ಕಾಳನ್ನು ಹೊಳೆಯಿಸುವ ನೀಲಿ ದೀಪದ ಕೆಳಗಿಟ್ಟಳು. ಕನ್ನಡಕದವರು ಬಗ್ಗಿ ನೋಡಿದರು, ಆಮೇಲೆ ಸರಿದು ನನಗೂ ಜಾಗ ಬಿಟ್ಟರು. ಮೂವತ್ತೊಂದು ವರ್ಷ ಬೆರಳಿನಿಂದಲೇ ಗೊತ್ತಿದ್ದದ್ದನ್ನು ಆಗ ಮೊದಲ ಸಲ ಕಣ್ಣಿನಿಂದ ಕಂಡೆ. ಹದಿನಾಲ್ಕರಲ್ಲಿ ಒಂಬತ್ತು ಕಾಳಿನ ಒಡಲಲ್ಲಿ ಹಸಿರು ಹಳದಿ ಬೆಳಕು, ಮಿಂಚುಹುಳುವಿನ ಹಾಗೆ.

"ಇದೇ ಖಾತ್ರಿ ಅಲ್ಲ," ಎಂದರು ಕನ್ನಡಕದವರು. "ಇದನ್ನೂ ಬೀಸಿ ನೋಡೋಣ."

ಬೀಸಿ ನೋಡಿದಾಗ ಯಂತ್ರ ನಂಬರನ್ನೇ ಕೊಡಲಿಲ್ಲ. ತನ್ನ ಅಳತೆಗೆ ಮೀರಿದೆ ಎಂದಿತು.

ಸೂಜಿಯ ಕೈಗೆ ಕೊಳವೆ ವಾಪಸು ಕೊಟ್ಟು ಮತ್ತೆ ಲಾರಿ ಹತ್ತಿಸಿದರು. ಅವನು ತಂದ ಹೊಸ ಕಾಳನ್ನು ಕುಳ್ಳಿಯೇ ಬೀಸಿದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಐವತ್ತೇಳು ಬಂತು.

ಯಜಮಾನರು ದೊಡ್ಡದಾಗಿ ಉಸಿರುಬಿಟ್ಟರು. ಆ ಮನುಷ್ಯ ಕೆಟ್ಟವರಲ್ಲ. ಗಂಟು ಬಿಚ್ಚಿತಲ್ಲ ಎಂದು ಅವರಿಗೆ ಹಾಯೆನಿಸಿತ್ತು. "ಮುಗೀತಲ್ಲ ಮೇಡಂ. ನಿಮ್ಮ ತಪ್ಪೇನೂ ಇಲ್ಲ. ಅಜ್ಜೀದು ಹಳೇ ಅಭ್ಯಾಸ, ಗೊತ್ತಿಲ್ದೆ ಮಾಡಿದಾರೆ. ಈ ಲೋಡು ವಾಪಸು ತಗೊಂಡು ದನದ ಮೇವಿಗೂ ಕೊಡದೆ ಸುಟ್ಟುಹಾಕ್ತೀನಿ. ಅಜ್ಜಿ, ನೀವು ನಾಳೆಯಿಂದ ಮನೇಲಿರಿ. ಬೇಜಾರು ಮಾಡ್ಕೋಬೇಡಿ. ಸರ್, ನಿಮ್ಮ ವರದೀಲಿ ಹಾಗೇ ಬರೀಬಹುದಲ್ವಾ?"

"ಈ ಲೋಡಿನ ಮಟ್ಟಿಗೆ ಬರೀಬಹುದು," ಎಂದರು ಕನ್ನಡಕದವರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಕುಳ್ಳಿಯ ಕಡೆ ನೋಡಲಿಲ್ಲ.

ಕುಳ್ಳಿ ನನ್ನ ಕಡೆ ನೋಡಿದಳು. "ದೊಡ್ಡಮ್ಮ, ಯಾವಾಗಿಂದ?"

"ಬಂದಾಗಿಂದ ಕಣೆ."

"ಪ್ರತಿ ಲೋಡಿಗೂ?"

"ಪ್ರತಿ ಲೋಡಿಗೂ."

ಅವಳು ನೋಟುಬುಕ್ಕು ತೆರೆಯಲಿಲ್ಲ. ಹಿಂದಿನ ಸಂಜೆ ಅಷ್ಟೂ ಪುಟ ತಿರುವಿದ್ದಳಲ್ಲ, ಎಣಿಕೆ ಬಾಯಲ್ಲೇ ಇತ್ತು. "ಐವತ್ತೊಂದು ಲೋಡು ಸರ್. ಎಲ್ಲದಕ್ಕೂ ನನ್ನ ಸಹಿಯಿದೆ. ಎಲ್ಲವೂ ಹಸನು ಮಾಡಿದ ಕಾಳಿನ ನಂಬರು."

"ಅವೆಲ್ಲ ಹೋಗಿ ಆಯ್ತು," ಎಂದರು ಯಜಮಾನರು. "ಯಾರೂ ತಕರಾರು ಮಾಡಿಲ್ಲ."

"ತಿಂದೋರಿಗೆ ಗೊತ್ತಾಗಲ್ಲ ಸರ್. ಅದಕ್ಕೇ ತಾನೆ ನಾನಿರೋದು."

"ನಿಧಾನ ಮೇಡಂ. ಒಂದು ಲೋಡು ತಪ್ಪಾದ್ರೆ ಅಜ್ಜಿಯ ತಪ್ಪು. ಐವತ್ತೊಂದು ತಪ್ಪಾದ್ರೆ ಒಂದು ದಿನಾನೂ ಆ ಬಾಗಿಲು ತೆಗೆದು ಒಳಗೆ ನೋಡದೆ ಇದ್ದ ನಿಮ್ಮ ತಪ್ಪು. ಪಟ್ಟಿಯೋರು ಹಾಗೇ ಅನ್ನೋದು. ಯೋಚನೆ ಮಾಡಿ."

ಅವರು ಹೇಳಿದ್ದು ಸರಿಯಿತ್ತು. ಸೂಜಿಯನ್ನು ಉಳಿಸಲು ಹೋಗಿ ನಾನು ಅವಳನ್ನೇ ಬಾವಿಗೆ ತಳ್ಳಿದ್ದೆ. ಬೇಡ ಕಣೆ, ಬಿಡು, ನನ್ನ ಮೇಲೇ ಹಾಕು ಎನ್ನಲು ಬಾಯಿಗೆ ಬಂತು. ಅಷ್ಟರಲ್ಲಿ ಅವಳು ಬೀರುವಿನ ಬಾಗಿಲು ತೆಗೆದಾಗಿತ್ತು. ಎಂಟು ತಿಂಗಳ ಮೊಹರಿನ ಚೀಲಗಳು ಸಾಲಾಗಿ ಕೂತಿದ್ದವು. ಅವುಗಳ ಕಾಳನ್ನು ನನ್ನ ಕೈ ಮುಟ್ಟಿರಲಿಲ್ಲ.

"ಹೆಸರು ಹೊಡೆದ್ರೆ ಹೊಡೀಲಿ ಸರ್," ಎಂದಳು. "ಮೊದಲು ಇವನ್ನ ನೋಡ್ತೀನಿ."

ಯಜಮಾನರು ಬೀಗದ ಕೈಯನ್ನು ಅವಳ ಮೇಜಿನ ಮೇಲೇ ಬಿಟ್ಟು ತಮ್ಮ ಕೋಣೆಗೆ ಹೋದರು.

ಗುರುವಾರ, ಶುಕ್ರವಾರ, ಶನಿವಾರ, ಮೂರು ದಿನ ಹಿಡಿಯಿತು. ಕನ್ನಡಕದವರು ತಮ್ಮ ಗಿರಣಿಯನ್ನು ಬಿಟ್ಟುಹೋಗಿದ್ದರು. ಕುಳ್ಳಿ ನನ್ನನ್ನು ಮನೆಯಲ್ಲಿರು ಎಂದಳು. ಮನೆಯಲ್ಲಿ ಅರ್ಧ ದಿನ ಇದ್ದೆ. ತಂಗಿ ನನ್ನ ಜೊತೆ ಜಗಳ ಆಡಲಿಲ್ಲ, ಕಪಾಟಿನ ಬಾಗಿಲನ್ನು ಪೂರ್ತಿ ತೆಗೆಯದೆ ಸಂದಿಯಿಂದಲೇ ಬಟ್ಟೆ ಎಳೆದುಕೊಂಡಳು. ಮಧ್ಯಾಹ್ನ ಎದ್ದು ಹೋದೆ.

"ನಾನೇ ಬೀಸ್ತೀನಿ," ಎಂದೆ. "ಬಾಗಿಲು ತೆಗೆದಿಟ್ಟು, ನಿನ್ನ ಕಣ್ಣೆದುರಿಗೆ."

ಕುಳ್ಳಿ ದಪ್ಪ ರಬ್ಬರಿನ ಕೈಗವಸು ಒಂದು ಜೊತೆ ಕೊಟ್ಟಳು. "ಇದನ್ನ ಹಾಕ್ಕೊಂಡ್ರೆ ಬೆರಳಿಗೆ ಏನೂ ಗೊತ್ತಾಗಲ್ಲ."

"ಕೋಟಿನ ಜೇಬನ್ನೂ ಹೊಲಿದುಬಿಡಿ ಮೇಡಂ," ಎಂದ ಸೂಜಿ ಚೀಲ ಇಳಿಸುತ್ತ. "ನನ್ನ ಹತ್ರ ಸೂಜಿ ಇಲ್ಲ, ಹೆಸರು ಮಾತ್ರ." ಅವನು ನನ್ನ ಮೇಲೆ ಸಿಟ್ಟಿಟ್ಟುಕೊಂಡಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಕೈಗವಸು ಹಾಕಿಕೊಂಡರೂ ಕೆಟ್ಟ ಕಾಳು ಕಣ್ಣಿಗೆ ಬಿದ್ದಾಗೆಲ್ಲ ಕೈ ಅತ್ತ ಹೋಗುತ್ತಿತ್ತು. ಅದನ್ನು ತಡೆದು, ಆ ಕಾಳನ್ನು ಹಾಗೆಯೇ ಯಂತ್ರದ ಬಾಯಿಗೆ ಸುರಿಯುವುದು ಎಷ್ಟು ಕಷ್ಟವೆಂದು ಆರಿಸುವ ಕೆಲಸ ಮಾಡದವರಿಗೆ ಹೇಳಿದರೆ ತಿಳಿಯುವುದಿಲ್ಲ. ಒಂದೊಂದು ಹಿಟ್ಟು ಕೊಟ್ಟ ಮೇಲೂ ಅವಳ ಭುಜದ ಹಿಂದೆ ನಿಲ್ಲುತ್ತಿದ್ದೆ. ಗೆರೆ ಮೂಡುವವರೆಗೆ ಐದೇ ನಿಮಿಷ. ಐದು. ಆರು. ಎರಡು. ಎಂಟು. ಪ್ರತಿ ಸಲ ಅವಳು ಬರೆದುಕೊಂಡು, "ಮುಂದಿನದು ಕೊಡು," ಎನ್ನುತ್ತಿದ್ದಳು. ಮೊದಲ ದಿನ ಹದಿನಾರು ಚೀಲ ಮುಗಿದವು, ಎಲ್ಲವೂ ಹತ್ತರ ಒಳಗೆ. ಇನ್ನೇನು ಬಚಾವಾದೆವು ಎಂದುಕೊಂಡೆ.

ಶುಕ್ರವಾರ ಹದಿನಾಲ್ಕು ಬಂದದ್ದೊಂದು. ಮತ್ತೆ ಇಪ್ಪತ್ಮೂರರದ್ದೊಂದು. ಎರಡೂ ಕೋಳಿ ಮೇವಿಗೆ ಹೋಗಿದ್ದ ಲೋಡು. ಶನಿವಾರ ಸಂಜೆ, ಕೊನೆಗೆ ನಾಲ್ಕು ಚೀಲ ಉಳಿದಿರುವಾಗ, ಮೂವತ್ತೇಳು.

ಕುಳ್ಳಿ ಅದನ್ನು ಮೂರು ಸಲ ಮಾಡಿದಳು. ಮೂವತ್ತೇಳು, ಮೂವತ್ತೈದು, ಮೂವತ್ತೇಳು. ಚೀಲದ ಮೇಲಿನ ಚೀಟಿಯನ್ನು ನೋಟುಬುಕ್ಕಿನ ಪುಟಕ್ಕೆ ಹಿಡಿದು ನೋಡಿದಳು. ನಾಲ್ಕು ತಿಂಗಳ ಹಿಂದಿನ ಲೋಡು. ಅವಳು ಆಗ ಬರೆದಿದ್ದ ನಂಬರು ಎರಡು. ಹೋಗಿದ್ದು ಬೇರೊಂದು ಊರಿನ ಗಂಜಿಹಿಟ್ಟಿನವರಿಗೆ, ಹಾಲು ಬಿಟ್ಟ ಕೂಸುಗಳಿಗೆ ಮಾಡುವ ಹಿಟ್ಟಿಗೆ.

"ನಾಲ್ಕು ತಿಂಗಳು," ಎಂದೆ.

"ಉಳಿದಿರಬಹುದು ದೊಡ್ಡಮ್ಮ. ಒಂದಿಷ್ಟಾದ್ರೂ ಉಳಿದಿರಬಹುದು."

ಉಳಿದ ನಾಲ್ಕು ಚೀಲವನ್ನೂ ಮುಗಿಸಿ, ಅವಳು ಕಾಗದ ತೆಗೆದುಕೊಂಡು ಬರೆಯಲು ಕೂತಳು. ಮೂರು ಲೋಡಿನ ದಿನ, ಲಾರಿಯ ನಂಬರು, ಮೊದಲು ಬರೆದ ಅಂಕಿ, ಈಗ ಬಂದ ಅಂಕಿ. ಕೆಳಗೆ ಎರಡು ಸಾಲು, ಬೀಸುವ ಕೋಣೆಯಲ್ಲಿ ಏನಾಗುತ್ತಿದೆಯೆಂದು ತಾನು ನೋಡಲಿಲ್ಲ, ನೋಡಬೇಕಾದದ್ದು ತನ್ನ ಕೆಲಸವಾಗಿತ್ತು ಎಂದು. ನನ್ನ ವಿಷಯ ಅದರಲ್ಲಿ ಇರಲಿಲ್ಲ.

"ನನ್ನದೂ ಬರಿ," ಎಂದೆ.

"ನೀನು ಹೆಕ್ಕಬಾರದು ಅಂತ ನಿನಗೆ ಯಾರು ಹೇಳಿದ್ರು? ನಾನೂ ಹೇಳಲಿಲ್ಲ. ಅದನ್ನೇ ಬರೆದಿದೀನಿ."

ಯಜಮಾನರು ಬಂದು ಕಾಗದವನ್ನು ನಿಂತೇ ಓದಿದರು. ಮೂವತ್ತೇಳರ ಹತ್ತಿರ ಅವರ ಬೆರಳು ನಿಂತಿತು. "ಇದು ಪಟ್ಟಿಯೋರಿಗೆ ಹೋದ್ರೆ ನೀವು ಹಾಕೋ ಕೊನೇ ಸಹಿ ಇದೇ ಆಗುತ್ತೆ ಮೇಡಂ."

"ಗೊತ್ತು ಸರ್."

ಅವರು ಜೇಬಿನಿಂದ ತಮ್ಮ ಪೆನ್ನು ತೆಗೆದು ಅವಳ ಮುಂದೆ ಇಟ್ಟರು. ಕುಳ್ಳಿ ಸಹಿ ಹಾಕಿದಳು, ಎಂದಿನ ಹಾಗೆ, ಕೊನೆಯ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆದು. ಇಂಕು ಆರಲು ಬಿಡದೆ ಫೋನು ಹತ್ತಿರಕ್ಕೆ ಎಳೆದುಕೊಂಡಳು. ಆರು ಗಂಟೆಗೆ ಆ ಗಂಜಿಹಿಟ್ಟಿನವರು ಮುಚ್ಚಿ ಹೋಗುತ್ತಾರೆ, ಆಮೇಲೆ ಸೋಮವಾರವೇ. ಗಡಿಯಾರ ಐದೂ ಮುಕ್ಕಾಲು ತೋರಿಸುತ್ತಿತ್ತು. ಫೋನು ಗಂಟೆ ಹೊಡೆಯುತ್ತಲೇ ಇತ್ತು. ನಾನು ಕಿಟಕಿಗೆ ಹೋದೆ, ಮೇಜಿನ ಹತ್ತಿರ ಬಂದೆ, ಮತ್ತೆ ಕಿಟಕಿಗೆ ಹೋದೆ.

ಕೊನೆಗೆ ಯಾರೋ ಎತ್ತಿದರು. ಅಲ್ಲಿನ ಉಗ್ರಾಣ ನೋಡಿಕೊಳ್ಳುವವರು ಇರಬೇಕು, ವಯಸ್ಸಾದ ಗಂಡಸಿನ ದನಿ. ಕುಳ್ಳಿ ಲಾರಿಯ ನಂಬರು ಹೇಳಿದಳು, ದಿನ ಹೇಳಿದಳು. ಆ ಜೋಳದ ಹಿಟ್ಟು ಇನ್ನೂ ಉಳಿದಿದೆಯೇ, ಉಳಿದಿದ್ದರೆ ಒಂದು ಚೀಲವನ್ನೂ ಆಚೆ ಬಿಡಬೇಡಿ, ಹೋಗಿದ್ದರೆ ಯಾರ್ಯಾರಿಗೆ ಹೋಗಿದೆ ಹೇಳಿ ಎಂದು ಕೇಳಿದಳು.

"ಆ ಲೋಡಿನ ವರದೀಲಿ ಎರಡು ಅಂತಿತ್ತಲ್ಲಮ್ಮ," ಎಂದಿತು ಆ ದನಿ. ಫೋನಿನಿಂದ ನನಗೂ ಕೇಳಿಸುತ್ತಿತ್ತು. "ಯಾರು ನೀವು ಮಾತಾಡ್ತಿರೋದು?"

"ಆ ವರದಿಗೆ ಸಹಿ ಹಾಕಿದವಳು," ಎಂದಳು ಕುಳ್ಳಿ. "ಅದು ತಪ್ಪು. ಮೂವತ್ತೇಳು. ಬರ್ಕೊಳ್ಳಿ."

ಆ ಕಡೆ ಕಾಗದ ಹರಿದ ಸದ್ದಾಯಿತು. ಆಮೇಲೆ, "ಇರಿ, ಹೋಗಿ ನೋಡ್ಕೊಂಡು ಬರ್ತೀನಿ," ಎಂದಿತು ದನಿ. ಫೋನನ್ನು ಮರದ ಮೇಲೆ ಇಟ್ಟ ಸದ್ದು. ಚಪ್ಪಲಿಯ ಸದ್ದು ಉದ್ದನೆಯ ಕೋಣೆಯೊಂದರಲ್ಲಿ ದೂರ ದೂರ ಹೋಯಿತು, ಎಲ್ಲೋ ಒಂದು ಕಬ್ಬಿಣದ ಬಾಗಿಲು ಸರಿಯಿತು. ಕುಳ್ಳಿ ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಿದ್ದಳು. ಯಜಮಾನರು ನಿಂತಿದ್ದರು. ನಾನೂ ಮೇಜಿನ ಅಂಚು ಹಿಡಿದು ನಿಂತೆ. ಯಾರೂ ಕೂರಲಿಲ್ಲ.